ಹನ್ನೊಂದರ ತಾಳೆ

ನಾನೂರ ಹನ್ನೆರಡು ತಂತ್ರಾಂಶಗಳನ್ನು ಒಂದೇ ಡಿಸ್ಕಿನಲ್ಲಿ ಕೂಡಿಸಿ ಕೇಳಿದವರಿಗೆಲ್ಲ ಹಂಚುವ ಸಣ್ಣ ಕೂಟವೊಂದರಲ್ಲಿ ನಾನು ಪರವಾನಗಿಗಳ ರಿಜಿಸ್ಟರ್ ಇಡುತ್ತೇನೆ. ಮೂವತ್ತೊಂದು ವರ್ಷ ಶಾಲೆಯಲ್ಲಿ ಅಂಕಗಣಿತ ಕಲಿಸಿದವನಿಗೆ ಇದು ಕಷ್ಟದ ಕೆಲಸವಲ್ಲ. ಪ್ರತಿ ಕಡತದ ತಲೆಯಲ್ಲೂ ಅದನ್ನು ಬರೆದವರು ಯಾರು, ಯಾವ ಷರತ್ತಿನ ಮೇಲೆ ಇತರರಿಗೆ ಬಿಟ್ಟುಕೊಟ್ಟಿದ್ದಾರೆ ಎಂದು ಕೆಲವು ಸಾಲುಗಳಿರುತ್ತವೆ. ಅವನ್ನು ಓದಬೇಕು, ಬರೆದುಕೊಳ್ಳಬೇಕು, ಒಂದರ ಷರತ್ತಿಗೆ ಇನ್ನೊಂದರ ಷರತ್ತು ಅಡ್ಡ ಬರುವುದಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಕೊನೆಯ ಪುಟದಲ್ಲಿ ನನ್ನ ಸಹಿ ಬೀಳದೆ ಯಾವ ಆವೃತ್ತಿಯೂ ನಮ್ಮ ಕೋಣೆಯ ಬಾಗಿಲು ದಾಟುವುದಿಲ್ಲ. ಕೂಟ ಹುಟ್ಟಿದ ದಿನದಿಂದ ನಡೆದುಬಂದ ಕ್ರಮ ಇದು.

ಷರತ್ತುಗಳಲ್ಲಿ ಹಲವು ಬಗೆ ಇದ್ದರೂ ಮುಖ್ಯವಾದವು ಎರಡು. ಒಂದು ಸಡಿಲ: ಬರೆದವರ ಹೆಸರನ್ನು ಉಳಿಸಿ, ಮಿಕ್ಕಂತೆ ಏನು ಬೇಕಾದರೂ ಮಾಡಿಕೊಳ್ಳಿ. ಇನ್ನೊಂದು ಬಿಗಿ: ತಿದ್ದಿ, ಬೆಳೆಸಿ, ಹಂಚಿ, ಆದರೆ ಪಡೆದವನಿಗೂ ನಿಮಗಿದ್ದಷ್ಟೇ ಹಕ್ಕು ಕೊಡಿ, ಒಳಗಿನ ಬರಹವನ್ನು ಮುಚ್ಚಿಡಬೇಡಿ, ಹೊಸ ಷರತ್ತನ್ನು ಹೇರಬೇಡಿ. ಬೇರೆ ಬೇರೆ ಷರತ್ತಿನವು ಒಂದೇ ಡಿಸ್ಕಿನಲ್ಲಿ ಅಕ್ಕಪಕ್ಕ ಇರಲು ಅಡ್ಡಿಯಿಲ್ಲ. ಅವುಗಳನ್ನು ಬೆಸೆದು ಒಂದೇ ತಂತ್ರಾಂಶ ಮಾಡುವಾಗ ಮಾತ್ರ ಎಲ್ಲರ ಷರತ್ತೂ ಒಟ್ಟಿಗೆ ನಡೆಯುವಂತಿರಬೇಕು. ನನ್ನ ಹೆಂಡತಿ ದವಾಖಾನೆಯಲ್ಲಿ ಔಷಧ ಬೆರೆಸುವ ಕೆಲಸದಲ್ಲಿದ್ದವಳು. ನಾನು ಅರ್ಧ ಗಂಟೆ ವಿವರಿಸಿದ್ದನ್ನು ಅವಳು ಒಂದು ಉಸಿರಿನಲ್ಲಿ ಮುಗಿಸಿದ್ದಳು.

"ಒಂದೇ ಕಪಾಟಲ್ಲಿ ಇಡಬಹುದು, ಒಂದೇ ಸೀಸೇಲಿ ಬೆರೆಸೋ ಹಾಗಿಲ್ಲ. ಇಷ್ಟೇ ತಾನೆ ನಿಮ್ಮ ಪುರಾಣ?"

ಅವಳು ತೀರಿಕೊಂಡು ನಾಲ್ಕು ವರ್ಷವಾಯಿತು.

ಕೂಟದವರು ಬೆನ್ನ ಹಿಂದೆ ನನ್ನನ್ನು ಕಲ್ಲು ಎನ್ನುವುದನ್ನು ಬಲ್ಲೆ. ಹಿಂದಿನ ಆವೃತ್ತಿಯಲ್ಲಿ ಚದುರಂಗದ ಆಟವೊಂದನ್ನು ಹೊರಗೆ ಹಾಕಿದ್ದೆ. ಅದನ್ನು ಕಳಿಸಿದ್ದವನು ಬೇರೊಬ್ಬರ ಕಡತವನ್ನು ಒಳಗೆ ಸೇರಿಸಿಕೊಂಡು, ಮೂಲ ಲೇಖಕರ ಹೆಸರಿನ ಸೂಚನೆಯನ್ನು ಅಳಿಸಿದ್ದ. ಎರಡು ಸಲ ಮೆಟ್ಟಿಲು ಹತ್ತಿ ಬಂದು ಅಂಗಲಾಚಿದ. "ಎರಡೇ ಸಾಲು ಸಾರ್, ಕಣ್ತಪ್ಪಿನಿಂದ ಆಯ್ತು." ಕಣ್ತಪ್ಪಿನಿಂದ ಯಾರೂ ಸರಿಯಾಗಿ ಆ ಎರಡು ಸಾಲನ್ನೇ ಅಳಿಸುವುದಿಲ್ಲ ಎಂದೆ. ಆಟ ಹೋಯಿತು.

ಈ ಸಲದ ಆವೃತ್ತಿ ಸೋಮವಾರ ಹೊರಡಬೇಕಿತ್ತು. ಗುರುವಾರ ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ ನಾನು ಇನ್ನೂರ ತೊಂಬತ್ತೇಳನೆಯ ತಂತ್ರಾಂಶಕ್ಕೆ ಬಂದೆ. ಅದರ ಹೆಸರು 'ತಾಳೆ'. ಬರೆದವರು ಇಬ್ಬರು: ನಾನು ಮತ್ತು ನನ್ನ ಹೆಂಡತಿ. ಷರತ್ತು ಬಿಗಿ. ಹದಿನೇಳು ವರ್ಷಗಳಿಂದ ರಿಜಿಸ್ಟರಿನ ಆ ಸಾಲನ್ನು ನಾನು ನೋಡದೆಯೇ ತುಂಬುತ್ತಿದ್ದೆ, ಅದೊಂದನ್ನು ಮಾತ್ರ. ಆ ದಿನ ಪೆನ್ನಿನ ಮಸಿ ಮುಗಿದು, ಹೊಸ ಪೆನ್ನು ಹುಡುಕುವಾಗ ಕಣ್ಣು ಪರದೆಯ ಮೇಲೆ ಬಿತ್ತು.

ಕಡತದ ತಲೆ ಬದಲಾಗಿತ್ತು. ಬಿಗಿ ಷರತ್ತಿನ ಹದಿನಾಲ್ಕು ಸಾಲುಗಳ ಜಾಗದಲ್ಲಿ ಸಡಿಲ ಷರತ್ತಿನ ಐದು ಸಾಲುಗಳಿದ್ದವು. ಕೆಳಗೆ ಒಂದು ವಾಕ್ಯ: "ಲೇಖಕರ ಒಪ್ಪಿಗೆಯಿಂದ ಬದಲಾಯಿಸಲಾಗಿದೆ."

ಲೇಖಕರು ಇಬ್ಬರು. ಒಬ್ಬಳು ಇಲ್ಲ. ಇನ್ನೊಬ್ಬನನ್ನು ಯಾರೂ ಕೇಳಿಲ್ಲ. ಹಾಗಾದರೆ ಒಪ್ಪಿದವರು ಯಾರು?

ಈ ತಂತ್ರಾಂಶ ಹೇಗೆ ಹುಟ್ಟಿತು ಎಂಬುದನ್ನು ಹೇಳದೆ ಮುಂದಿನದು ತಿಳಿಯದು. ದವಾಖಾನೆಯಲ್ಲಿ ಔಷಧದ ಅಳತೆಯನ್ನು ತಾನೇ ಲೆಕ್ಕ ಮಾಡುವ ಯಂತ್ರವೊಂದನ್ನು ತಂದಿದ್ದರು. ಅದು ಒಂದು ದಿನ ತಪ್ಪು ಅಳತೆ ತೋರಿಸಿತು. ರೋಗಿಯೊಬ್ಬ ಎರಡು ದಿನ ಹೆಚ್ಚು ಮಲಗಬೇಕಾಯಿತು. ಹೊಣೆ ನನ್ನ ಹೆಂಡತಿಯ ತಲೆಗೆ ಬಂತು. ಯಂತ್ರದ ಒಳಗಿನ ಲೆಕ್ಕವನ್ನು ತೋರಿಸಿ ಎಂದು ಅವಳು ತಯಾರಕರಿಗೆ ಬರೆದಳು. ತೋರಿಸಲಾಗದು ಎಂದು ಅವರು ಉತ್ತರಿಸಿದರು. ಮೂರು ವಾರ ಅವಳನ್ನು ಕೆಲಸದಿಂದ ಹೊರಗಿಟ್ಟರು. ಇನ್ನೊಂದು ದವಾಖಾನೆಯಲ್ಲೂ ಅದೇ ಯಂತ್ರ ಅದೇ ತಪ್ಪು ಮಾಡಿದ ಮೇಲೆ ಕರೆದು ಮತ್ತೆ ಕೂರಿಸಿದರು. ಯಾರೂ ಕ್ಷಮೆ ಕೇಳಲಿಲ್ಲ.

ಆ ಮೂರು ವಾರಗಳಲ್ಲಿ ನಾವು ಅಡುಗೆಮನೆಯ ಮೇಜಿನ ಮೇಲೆ 'ತಾಳೆ'ಯನ್ನು ಬರೆಯಲು ಕೂತೆವು. ಅಳತೆಯನ್ನು ಲೆಕ್ಕ ಮಾಡಿದ ಮೇಲೆ ಉತ್ತರದ ಬಾಲದಲ್ಲಿ ಒಂದು ತಾಳೆ ಅಂಕಿ ಬರಬೇಕು. ಒಬ್ಬರು ಚೀಟಿಯಲ್ಲಿ ಬರೆದದ್ದನ್ನು ಇನ್ನೊಬ್ಬರು ಒತ್ತುವಾಗ ಕೈ ತಪ್ಪಿದರೆ ಆ ಅಂಕಿ ಕೂಡದೆ ತಪ್ಪು ಸಿಕ್ಕಿಬೀಳಬೇಕು. ನಾನು ಮಕ್ಕಳಿಗೆ ಕಲಿಸಿದ ಒಂಬತ್ತರ ತಾಳೆಯನ್ನು ಹಾಕಿದೆ: ಸಂಖ್ಯೆಯನ್ನು ಒಂಬತ್ತರಿಂದ ಭಾಗಿಸಿ ಉಳಿದದ್ದನ್ನು ಬರೆಯುವುದು. ಅದರಲ್ಲಿ ಒಂದು ಕುಂದು ಇತ್ತು. ಮೂವತ್ತಾರು ಹೋಗಿ ಅರವತ್ತಮೂರಾದರೆ ಎರಡಕ್ಕೂ ಉಳಿಯುವುದು ಸೊನ್ನೆ. ಅಂಕಿಗಳ ಅದಲುಬದಲನ್ನು ಒಂಬತ್ತು ಹಿಡಿಯದು. ಹನ್ನೊಂದು ಹಿಡಿಯುತ್ತದೆ: ಮೂವತ್ತಾರಕ್ಕೆ ಮೂರು ಉಳಿದರೆ ಅರವತ್ತಮೂರಕ್ಕೆ ಎಂಟು. ಆದ್ದರಿಂದ ಒಂಬತ್ತನ್ನು ತೆಗೆದು ಹನ್ನೊಂದನ್ನು ಹಾಕಿದ್ದಾಯಿತು. ಹತ್ತು ಉಳಿದಾಗ ಒಂದೇ ಅಂಕಿಯಲ್ಲಿ ಬರೆಯಲಾಗುವುದಿಲ್ಲವಾದ್ದರಿಂದ ಅಲ್ಲಿ ಒಂದು ಚುಕ್ಕಿಗುರುತು, ಆಕಾಶದ ಚುಕ್ಕಿಯಂಥದ್ದು. ಸಾಮಾನ್ಯವಾಗಿ ಬೇರೆಯವರು ಅಂಥ ಕಡೆ ಗುಣಾಕಾರದ ಚಿಹ್ನೆ ಹಾಕುತ್ತಾರೆ.

ಬಿಗಿ ಷರತ್ತನ್ನು ಹಾಕಿದವನು ನಾನು. ಯಂತ್ರದೊಳಗಿನ ಲೆಕ್ಕವನ್ನು ತೋರಿಸಲಾಗದು ಎಂಬ ಮಾತನ್ನು ಇನ್ನು ಯಾವ ಹೆಂಗಸಿಗೂ ಯಾರೂ ಹೇಳಬಾರದು ಎಂಬುದೇ ನನ್ನ ಉದ್ದೇಶ. ಆ ಹದಿನಾಲ್ಕು ಸಾಲುಗಳು ನನ್ನ ಮಟ್ಟಿಗೆ ಅವಳ ಮೂರು ವಾರಗಳಿಗೆ ಸಲ್ಲಬೇಕಾದ ಮರ್ಯಾದೆ.

ಎರಡು ವರ್ಷದ ಹಿಂದೆ ದವಾಖಾನೆಗಳಿಂದ ಒಂದು ಬೇಡಿಕೆ ಬಂದಿತ್ತು. ಸೀಸೆಗೆ ಅಂಟಿಸುವ ಚೀಟಿಯನ್ನು ಮುದ್ರಿಸುವ ತಂತ್ರಾಂಶವನ್ನು 'ತಾಳೆ'ಯೊಂದಿಗೆ ಬೆಸೆದುಕೊಡಿ ಎಂದು. ಆ ಚೀಟಿ ತಂತ್ರಾಂಶಕ್ಕೆ ತನ್ನದೇ ಒಂದು ಷರತ್ತಿತ್ತು: ಮುದ್ರಿಸಿದ ಪ್ರತಿ ಚೀಟಿಯಲ್ಲೂ ಅದನ್ನು ಬರೆದವರ ಹೆಸರು ಇರಬೇಕು. ಬಿಗಿ ಷರತ್ತು ಅಂಥ ಹೊಸ ಹೇರಿಕೆಯನ್ನು ಒಪ್ಪುವುದಿಲ್ಲ. ಕಪಾಟು ಒಂದಾಗಬಹುದು, ಸೀಸೆ ಒಂದಾಗದು. ನಾನು ಲೇಖಕನಾಗಿ ಒಂದು ಸಾಲಿನ ವಿನಾಯಿತಿ ಬರೆದುಕೊಟ್ಟಿದ್ದರೆ ಆಗುತ್ತಿತ್ತು. ಒಂದು ಕಡೆ ಬಿರುಕು ಬಿಟ್ಟರೆ ನಾಳೆ ಯಂತ್ರದವರು ಅದರಲ್ಲೇ ನುಗ್ಗುತ್ತಾರೆ ಎನಿಸಿತು. ಒಂದೇ ಶಬ್ದದಲ್ಲಿ ಉತ್ತರ ಬರೆದೆ: ಬೇಡ.

ಕೂಟದ ಕೋಣೆ ಒಂದು ಸೈಕಲ್ ರಿಪೇರಿ ಅಂಗಡಿಯ ಮೇಲಿದೆ. ನನ್ನ ಮೇಜು ಕಿಟಕಿಯ ಪಕ್ಕ. ಎದುರು ಗೋಡೆಗೆ ಡಿಸ್ಕುಗಳನ್ನು ಪ್ರತಿ ಮಾಡುವ ಯಂತ್ರ. ಅದರ ಪಕ್ಕ ಗಂಟಣ್ಣನ ಮೇಜು. ಆವೃತ್ತಿಯನ್ನು ಕಟ್ಟಿ ಗಂಟು ಹಾಕುವವನು ಅವನಾದ್ದರಿಂದ ಎಲ್ಲರೂ ಇಟ್ಟ ಹೆಸರು ಅದು. ಏಳನೆಯ ತರಗತಿಯಲ್ಲಿ ನನ್ನ ಶಿಷ್ಯ. ಭಾಗಾಕಾರದಲ್ಲಿ ಸೊನ್ನೆ ಇಡಲು ಮರೆಯುತ್ತಿದ್ದವನನ್ನು ತಿದ್ದಿದವನು ನಾನು; ಕೂಟಕ್ಕೆ ಕರೆತಂದವನೂ ನಾನೇ. ತಂತ್ರಾಂಶಗಳನ್ನು ಕೆಡಿಸಿ ನೋಡಿ ತಪ್ಪು ಹಿಡಿಯುವ ಹೆಂಗಸನ್ನು ವಯಸ್ಸಿನ ಭೇದವಿಲ್ಲದೆ ಎಲ್ಲರೂ ಚಿಕ್ಕಮ್ಮ ಎನ್ನುತ್ತಾರೆ. ಆ ಬೆಳಿಗ್ಗೆ ಅವರಿಬ್ಬರೇ ಇದ್ದರು.

ನಾನು ಎದ್ದು ಗಂಟಣ್ಣನ ಮೇಜಿನ ಮುಂದೆ ನಿಂತೆ. ಅವನು ತಲೆ ಎತ್ತಿದ.

"ಮೇಷ್ಟ್ರೇ! ಇಷ್ಟು ಬೇಗ ಮುನ್ನೂರರ ಹತ್ತಿರ ಬಂದ್ಬಿಟ್ರಾ?"

ನಾನು ಇನ್ನೂ ಏನೂ ಕೇಳಿರಲಿಲ್ಲ.

"ನಾನು ಬಡ್ಕೊಂಡೆ," ಎಂದಳು ಚಿಕ್ಕಮ್ಮ, ತನ್ನ ಪರದೆಯಿಂದ ಕಣ್ಣು ತೆಗೆಯದೆ. "ಮೊದಲೇ ಹೋಗಿ ಹೇಳ್ಬಿಡಪ್ಪಾ ಅಂತ. ಅವರದ್ದನ್ನ ಅವರು ನೋಡಲ್ಲ ಬಿಡಿ ಚಿಕ್ಕಮ್ಮ ಅಂದ. ಈಗ ಅನುಭವಿಸು."

"ಅವರದ್ದನ್ನ ಅವರು ನೋಡಲ್ಲ ಅಂದೆಯಾ?" ಎಂದೆ.

ಗಂಟಣ್ಣನ ಕಿವಿ ಕೆಂಪಾಯಿತು. "ಹಾಗಲ್ಲ ಮೇಷ್ಟ್ರೇ... ನಿಮ್ಮ ಮನಸ್ಸಿಗೆ ಯಾಕೆ ತೊಂದರೆ ಅಂತ. ನಾವೇನೂ ಕದ್ದಿಲ್ಲ. ನೀವು ಬರೆದ ಸಾಲುಗಳನ್ನೆಲ್ಲ ತೆಗೆದುಹಾಕಿ ಹೊಸದಾಗಿ ಬರೆದಿದ್ದೀವಿ. ಒಂದೂ ಬಿಟ್ಟಿಲ್ಲ. ಈಗ ಒಳಗೆ ಉಳಿದಿರೋದು ಅಮ್ಮಾವರ ಸಾಲು ಮಾತ್ರ."

"ಅಮ್ಮಾವರ ಒಪ್ಪಿಗೆ ಎಲ್ಲಿ ತಂದೆ? ಸ್ಮಶಾನಕ್ಕೆ ಹೋಗಿದ್ದೆಯಾ?"

ಚಿಕ್ಕಮ್ಮ ಕುರ್ಚಿಯನ್ನು ತಿರುಗಿಸಿದಳು. "ಹೇಳೋ. ಇಲ್ಲಾಂದ್ರೆ ನಾನೇ ಹೇಳ್ತೀನಿ."

"ಅವರ ಪಾಲು ನಿಮ್ಮ ಮಗಳದ್ದಲ್ವಾ ಮೇಷ್ಟ್ರೇ? ಅಮ್ಮಾವರೇ ಬರೆದಿಟ್ಟಿದ್ರಲ್ಲ. ಮಗಳು ಒಪ್ಪಿದ್ದಾಳೆ. ಸಹಿ ಮಾಡಿದ್ದಾಳೆ."

ನನ್ನ ಹೆಂಡತಿ ತನ್ನ ಬರಹಗಳೆಲ್ಲ ಮಗಳಿಗೆ ಸೇರಬೇಕೆಂದು ಬರೆದಿಟ್ಟದ್ದು ನಿಜ. ಆ ಕಾಗದಕ್ಕೆ ಸಾಕ್ಷಿ ಹಾಕಿದವನೂ ನಾನೇ. ಅಡುಗೆಯ ಟಿಪ್ಪಣಿಗಳು, ಔಷಧದ ಪಟ್ಟಿಗಳು ಎಂದಷ್ಟೇ ತಿಳಿದು ಹಾಕಿದ್ದೆ.

ಮಗಳು, ಅವಳ ಗಂಡ ಮತ್ತು ನಾನು ಒಂದೇ ಮನೆಯಲ್ಲಿರುವವರು. ತಾಯಿ ನಿಂತಿದ್ದ ಅದೇ ದವಾಖಾನೆಯ ಅದೇ ಮೇಜಿನ ಹಿಂದೆ ಈಗ ಮಗಳು ನಿಲ್ಲುತ್ತಾಳೆ. ಆ ದಿನ ಬೆಳಿಗ್ಗೆಯೂ ಅವಳು ನನ್ನ ಕೊಡೆಯನ್ನು ಹುಡುಕಿಕೊಟ್ಟಿದ್ದಳು. ಅದನ್ನು ಕೊಡುವಾಗ ಅವಳ ಮುಖದಲ್ಲಿ ಏನೂ ಕಾಣಲಿಲ್ಲ.

"ಯಾವ ಸಾಲು ಅವಳದು, ಯಾವ ಸಾಲು ನನ್ನದು ಎಂದು ನಿನಗೆ ಹೇಳಿದವರು ಯಾರು?" ಎಂದು ಕೇಳಿದೆ. ಬದಲಾವಣೆಗಳ ದಾಖಲೆಯಲ್ಲಿ ಮೊದಲ ನಮೂದು ಇಡೀ ಕಡತದ್ದು. ಅದನ್ನು ಸೇರಿಸಿದವನು ನಾನು. ಅದಕ್ಕೂ ಹಿಂದೆ ಏನೂ ಇಲ್ಲ.

"ಅದನ್ನ ನೀವು ಮಗಳನ್ನೇ ಕೇಳಿ," ಎಂದ ಗಂಟಣ್ಣ. ಅವನ ದನಿ ಇಳಿದಿತ್ತು. "ದಯವಿಟ್ಟು. ನಾನು ಮಾತು ಕೊಟ್ಟಿದ್ದೀನಿ."

ನನಗೆ ಕೊಟ್ಟ ಮಾತು ಯಾವುದೂ ಅವನಲ್ಲಿ ಇದ್ದಂತಿರಲಿಲ್ಲ.

ನಾನು ಮೇಜಿಗೆ ಮರಳಿ ಹಳೆಯ ಕಡತವನ್ನೂ ಹೊಸದನ್ನೂ ಎಡಬಲಕ್ಕೆ ಇಟ್ಟು ಸಾಲುಸಾಲಾಗಿ ಹೋಲಿಸಿದೆ. ಹಳೆಯದರಲ್ಲಿ, ತಲೆಯನ್ನು ಬಿಟ್ಟು, ಇನ್ನೂರ ಹದಿನಾಲ್ಕು ಸಾಲು. ನೂರ ಮೂವತ್ತೊಂದು ಹೋಗಿದ್ದವು, ಎಂಬತ್ತಮೂರು ಉಳಿದಿದ್ದವು. ಹೋದವುಗಳ ಜಾಗದಲ್ಲಿ ತೊಂಬತ್ತಾರು ಹೊಸ ಸಾಲುಗಳು. ನನಗಿಂತ ಮೂವತ್ತೈದು ಕಡಿಮೆ. ಅಚ್ಚುಕಟ್ಟಾಗಿ ಬರೆದಿದ್ದ ಎಂದು ಒಪ್ಪಲೇಬೇಕು.

ಉಳಿದ ಎಂಬತ್ತಮೂರರಲ್ಲಿ ಹತ್ತೊಂಬತ್ತು ಸಾಲುಗಳ ಒಂದು ತುಂಡಿನ ಮುಂದೆ ನನ್ನ ಬೆರಳು ನಿಂತಿತು. ಹನ್ನೊಂದರ ತಾಳೆ. ಕೊನೆಯಲ್ಲಿ ಹತ್ತಕ್ಕೆ ಚುಕ್ಕಿಗುರುತು. ಒಂದು ಅಲ್ಪವಿರಾಮವೂ ಬದಲಾಗಿರಲಿಲ್ಲ.

ಇದು ನನ್ನದು. ಅಡುಗೆಮನೆಯ ಮೇಜಿನ ಮುಂದೆ ನಿಂತು, ಮಕ್ಕಳ ಸ್ಲೇಟಿನ ಮೇಲೆ ಹತ್ತರ ಘಾತಗಳನ್ನು ಬರೆದು, ಹನ್ನೊಂದು ಏಕೆ ಹಿಡಿಯುತ್ತದೆ ಎಂದು ಅವಳಿಗೆ ತೋರಿಸಿದ್ದು ನನಗೆ ಕಣ್ಣಿಗೆ ಕಟ್ಟಿದಂತಿತ್ತು. ಅಂಕಗಣಿತದಲ್ಲಿ ಬೆಳೆದವನೇ ಬರೆಯಬೇಕಾದ ಸಾಲುಗಳು ಅವು. ಒಂದೂ ಬಿಟ್ಟಿಲ್ಲ ಎಂದವರು ಹತ್ತೊಂಬತ್ತನ್ನು ಬಿಟ್ಟಿದ್ದರು.

ನಾನು ಬಿಳಿ ಹಾಳೆ ತೆಗೆದುಕೊಂಡು ದೂರು ಬರೆದೆ. ಅನುಮತಿಯಿಲ್ಲದೆ ಹತ್ತೊಂಬತ್ತು ಸಾಲುಗಳನ್ನು ಉಳಿಸಿಕೊಂಡು ಷರತ್ತು ಬದಲಾಯಿಸಲಾಗಿದೆ; ಆದ್ದರಿಂದ ಈ ಆವೃತ್ತಿಗೆ ಸಹಿ ಹಾಕುವುದಿಲ್ಲ; ಇದಕ್ಕೆ ಕಾರಣನಾದವನನ್ನು ಆವೃತ್ತಿ ಕಟ್ಟುವ ಕೆಲಸದಿಂದ ತೆಗೆಯತಕ್ಕದ್ದು. ಮಡಿಚಿ ಜೇಬಿನಲ್ಲಿ ಇಟ್ಟುಕೊಂಡೆ. ಮೆಟ್ಟಿಲು ಇಳಿಯುವಾಗ ಚಿಕ್ಕಮ್ಮ ಹಿಂದಿನಿಂದ ಕೂಗಿದಳು: "ಮೇಷ್ಟ್ರೇ, ಹೋಗ್ತಾ ಇರೋದು ಮಗಳ ಹತ್ರ, ಪರೀಕ್ಷೆ ಕೊಠಡಿಗಲ್ಲ. ಸ್ವಲ್ಪ ಮೆತ್ತಗೆ."

ದವಾಖಾನೆ ನಡೆದರೆ ಹದಿನೈದು ನಿಮಿಷ. ಮಧ್ಯಾಹ್ನದ ವಿರಾಮಕ್ಕೆ ಸರದಿಯ ಬಾಗಿಲು ಮುಚ್ಚಿದ್ದರು. ಪಕ್ಕದ ಬಾಗಿಲಿನಿಂದ ಒಳಗೆ ಹೋದೆ. ಅಮೃತಶಿಲೆಯ ಹಲಗೆ, ತಕ್ಕಡಿ, ಗೋಡೆಯುದ್ದಕ್ಕೂ ಕಂದು ಸೀಸೆಗಳು. ಚೀಟಿ ಮುದ್ರಿಸುವ ಸಣ್ಣ ಯಂತ್ರದ ಮುಂದೆ ಮಗಳು ಕೂತಿದ್ದಳು. ಯಂತ್ರದಿಂದ ಒಂದೊಂದೇ ಚೀಟಿ ಹೊರಬರುತ್ತಿತ್ತು. ಅವಳು ಪಕ್ಕದ ಪರದೆಯಲ್ಲಿ 'ತಾಳೆ' ತೋರಿಸಿದ ಅಂಕಿಯನ್ನು ನೋಡಿ, ಪ್ರತಿ ಚೀಟಿಯ ಮೂಲೆಯಲ್ಲಿ ಕೈಯಿಂದ ಬರೆಯುತ್ತಿದ್ದಳು.

ಕೈಯಿಂದ ಬರೆಯುವಾಗ ಆಗುವ ತಪ್ಪನ್ನು ಹಿಡಿಯಲೆಂದೇ ಮಾಡಿದ ಅಂಕಿ ಅದು.

"ಅಪ್ಪ? ಈ ಹೊತ್ತಲ್ಲಿ?" ಎಂದವಳು ನನ್ನ ಮುಖ ನೋಡಿ ಪೆನ್ನು ಕೆಳಗಿಟ್ಟಳು. "ಓ. ಗೊತ್ತಾಯ್ತಾ."

"ಸಹಿ ಮಾಡಿದ್ದು ನೀನಾ?"

"ಹೌದು."

"ನನ್ನನ್ನು ಕೇಳಬೇಕು ಅನ್ನಿಸಲಿಲ್ಲ."

"ಎರಡು ವರ್ಷದ ಹಿಂದೆ ಕೇಳಿದ್ವಲ್ಲ ಅಪ್ಪ. ಆ ಅರ್ಜಿ ಬರೆದಿದ್ದೇ ನಾನು. ಕೆಳಗೆ ಹನ್ನೆರಡು ದವಾಖಾನೆಯವರ ಸಹಿ ಇತ್ತು, ನನ್ನದು ಎಂಟನೇದು. ಓದಿದ್ರಾ?"

ನಾನು ಅರ್ಜಿಯನ್ನು ಓದಿದ್ದೆ. ಸಹಿಗಳನ್ನು ಓದಿರಲಿಲ್ಲ.

"ಒಂದೇ ಶಬ್ದ ಬಂತು," ಎಂದಳು. "ಅವತ್ತು ಸಂಜೆ ಮನೇಲಿ ನನ್ನ ಕೈಯಿಂದಲೇ ನೀರು ಇಸ್ಕೊಂಡು ಕುಡಿದ್ರಿ. ನಾನು ಏನು ಹೇಳಲಿ? ಆಮೇಲೆ ದಿನಕ್ಕೆ ಇನ್ನೂರು ಚೀಟಿ, ಎಲ್ಲಾ ಕೈಯಲ್ಲೇ. ಹೋದ ತಿಂಗಳು ಎಂಟು ಅಂತ ಬರೆಯೋ ಕಡೆ ಮೂರು ಬರೆದೆ. ಪುಣ್ಯಕ್ಕೆ ನರ್ಸಮ್ಮ ಹಿಡಿದ್ರು. ಆ ದಿನವೇ ಗಂಟಣ್ಣನಿಗೆ ಹೂಂ ಅಂದೆ."

"ನಾಳೆ ಯಂತ್ರದವರು ಇದನ್ನು ತೆಗೆದುಕೊಂಡು ಮುಚ್ಚಿಟ್ಟರೆ? ನಿನ್ನ ತಾಯಿಗೆ ಆದದ್ದು ಇನ್ನೊಬ್ಬಳಿಗೆ ಆದರೆ?"

"ಆಗಬಹುದು," ಎಂದಳು. "ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ. ಆದ್ರೆ ಇವತ್ತು ಈ ಮೇಜಿನ ಮೇಲೆ ಆಗ್ತಾ ಇರೋದಕ್ಕೂ ಯಾರಾದರೂ ಉತ್ತರ ಕೊಡಬೇಕಲ್ಲ."

ವಾದಕ್ಕೆ ನಾನು ಬಂದಿರಲಿಲ್ಲ. ದೂರಿನ ಹಾಳೆಯನ್ನು ತೆಗೆದು ಹಲಗೆಯ ಮೇಲೆ ಇಟ್ಟೆ. "ಓದು. ನನ್ನ ಸಾಲು ಒಂದೂ ಬಿಟ್ಟಿಲ್ಲ ಎಂದ ನಿಮ್ಮ ಗಂಟಣ್ಣ. ಹನ್ನೊಂದರ ತಾಳೆ ಹಾಗೇ ಇದೆ. ಚುಕ್ಕಿಗುರುತಿನ ಸಮೇತ. ಅದನ್ನು ನನ್ನ ಬಿಟ್ಟು ಬೇರೆ ಯಾರೂ ಬರೆದಿರಲು ಸಾಧ್ಯವಿಲ್ಲ. ಇದು ಕಳ್ಳತನ."

ಅವಳು ಓದಿದಳು. ಹಾಳೆಯನ್ನು ಹಲಗೆಯ ಮೇಲೆ ಮಗುಚಿಟ್ಟಳು. ಆಮೇಲೆ ಹೇಳಿದಳು: "ಅಪ್ಪ, ಇದನ್ನ ಕೊಡಬೇಡಿ. ನನ್ನ ಮಾತು ಕೇಳಿ. ಸಹಿ ಹಾಕದೇ ಇರಿ ಬೇಕಾದ್ರೆ. ಕಾರಣ ಮಾತ್ರ ಇದನ್ನ ಬರೀಬೇಡಿ."

"ಕಾರಣ ಸುಳ್ಳೇ?"

"ನಿಮಗೆ ತೋರಿಸಬಾರದು ಅಂದ್ಕೊಂಡಿದ್ದೆ," ಎಂದು ಎದ್ದಳು. ಸೀಸೆಗಳ ಕಪಾಟಿನ ಕೆಳಗಿನ ಖಾನೆಯಿಂದ ಒಂದು ರಟ್ಟಿನ ಹೊದಿಕೆಯನ್ನು ತಂದಳು. ಅದರೊಳಗೆ ಎರಡೂ ಅಂಚುಗಳಲ್ಲಿ ತೂತುಗಳಿದ್ದ, ಹಿಂದೆ ಮುಂದೆ ಮಡಿಚಿದ ಹಳೆಯ ಉದ್ದನೆಯ ಕಾಗದವಿತ್ತು. ಆಗಿನ ಕಾಲದ ಮುದ್ರಣಯಂತ್ರದ ಮಾಸಿದ ಅಕ್ಷರ. "ಅಮ್ಮನ ಡ್ರಾಯರಲ್ಲಿ ಇತ್ತು. ಪಕ್ಕದ ಬೀದಿ ದವಾಖಾನೆಯವರಿಗೆ ಇದರ ಒಂದು ಪ್ರತಿ ಕೊಟ್ಟಿದ್ದಳಂತೆ. ಅವರ ಹತ್ರಾನೂ ಇದೆ, ನೋಡಿ ಬಂದೆ."

ಮೇಲ್ತುದಿಯಲ್ಲಿ ಮುದ್ರಣದ ದಿನಾಂಕ. ನಾನು ಕೂಟದ ದಾಖಲೆಗೆ ಕಡತವನ್ನು ಸೇರಿಸಿದ್ದಕ್ಕಿಂತ ಎಂಟು ತಿಂಗಳು ಮುಂಚಿನದು. ಎಣಿಸಿದೆ: ತಲೆಯನ್ನು ಬಿಟ್ಟು ಎಂಬತ್ತಮೂರು ಸಾಲು. ಅದರಲ್ಲಿ ಹನ್ನೊಂದರ ತಾಳೆ ಇತ್ತು. ಕೊನೆಯಲ್ಲಿ ಚುಕ್ಕಿಗುರುತು ಇತ್ತು.

ಆಗ ನೆನಪಾಯಿತು. ಮರೆತಿದ್ದೆ ಎನ್ನುವುದಕ್ಕಿಂತ, ಆ ಕಡೆ ತಿರುಗಿ ನೋಡಿರಲಿಲ್ಲ ಎನ್ನುವುದು ಸರಿ. ಅವಳು ಅನ್ನದ ಪಾತ್ರೆ ಇಳಿಸುತ್ತ ಹೇಳಿದ್ದಳು: "ಮೂವತ್ತಾರನ್ನ ಅರವತ್ತಮೂರು ಅಂತ ಬರೆಯೋದೇ ಜಾಸ್ತಿ ನಮ್ಮಲ್ಲಿ. ನಿಮ್ಮ ಒಂಬತ್ತು ಅದನ್ನ ಹಿಡಿಯಲ್ಲ. ಹನ್ನೊಂದು ಹಾಕಿ ನೋಡಿದೆ, ಹಿಡೀತು. ಯಾಕೆ ಹಿಡೀತು ಹೇಳಿ." ಏಕೆ ಎಂಬುದನ್ನು ನಾನು ಸ್ಲೇಟಿನ ಮೇಲೆ ಸಾಧಿಸಿ ತೋರಿಸಿದೆ. ಸಾಧನೆ ನನ್ನದು. ಕ್ರಮ ಅವಳದು. ಇಷ್ಟು ವರ್ಷ ಸಾಧನೆಯೊಂದೇ ನನ್ನ ನೆನಪಿನಲ್ಲಿ ಉಳಿದಿತ್ತು.

ಆ ಹಳೆಯ ಕಾಗದದಲ್ಲಿ, ಕಡತದ ತಲೆಯ ಜಾಗದಲ್ಲಿ, ಎರಡು ಸಾಲಿತ್ತು.

"ಬರೆದವಳು ಈ ದವಾಖಾನೆಯಲ್ಲಿ ಔಷಧ ಬೆರೆಸುವವಳು; ಯಾರು ಬೇಕಾದರೂ ಬಳಸಿ, ತಿದ್ದಿ, ಯಾವುದರೊಳಗೆ ಬೇಕಾದರೂ ಸೇರಿಸಿಕೊಳ್ಳಿ.
ಈ ಎರಡು ಸಾಲನ್ನು ಮಾತ್ರ ತೆಗೆಯಬೇಡಿ."

ತೆಗೆದವನು ನಾನು. ಅವಳ ಕಡತವನ್ನು ನನ್ನದರೊಂದಿಗೆ ಸೇರಿಸುವ ದಿನ, ಮೇಲಿನ ಎರಡು ಸಾಲನ್ನು ಅಳಿಸಿ ನನ್ನ ಹದಿನಾಲ್ಕನ್ನು ಬರೆದೆ. ಸಡಿಲದ್ದನ್ನು ಬಿಗಿಯೊಳಗೆ ಸೇರಿಸಿಕೊಳ್ಳಲು ಅಡ್ಡಿಯಿಲ್ಲ. ಸೂಚನೆಯನ್ನು ಮಾತ್ರ ಉಳಿಸಬೇಕು. ಆ ನಿಯಮ ನನಗೆ ಆಗಲೂ ಗೊತ್ತಿತ್ತು. ಮನೆಯೊಳಗಿನದಕ್ಕೆ ಅದು ಅನ್ವಯಿಸುತ್ತದೆಂದು ಎಣಿಸಿರಲಿಲ್ಲ. ಕಣ್ತಪ್ಪು ಎನ್ನಲೂ ನನಗೆ ದಾರಿಯಿರಲಿಲ್ಲ.

ಅಂಚಿನಲ್ಲಿ, ತೂತುಗಳ ಪಕ್ಕ, ಪೆನ್ಸಿಲಿನಲ್ಲಿ ಅವಳ ಕೈಬರಹ. ದಿನಾಂಕ ನಮ್ಮ ಮೊದಲ ಆವೃತ್ತಿ ಹೊರಟ ವಾರದ್ದು.

"ಬದಲಾಯಿಸಿದ್ದಾರೆ. ಕೇಳಲಿಲ್ಲ."

ಅದಾದ ಮೇಲೆ ಅವಳು ಹದಿಮೂರು ವರ್ಷ ಬದುಕಿದ್ದಳು. ಹದಿಮೂರು ವರ್ಷ ಎದುರು ಕೂತು ಉಂಡಳು. ನನ್ನ ರಿಜಿಸ್ಟರಿನ ಕತೆಗಳನ್ನು ಕೇಳಿ ನಕ್ಕಳು. ಯಾರ ಯಾರ ತಂತ್ರಾಂಶವನ್ನು ಹೊರಗೆ ಹಾಕಿದೆನೆಂದು ನಾನು ಹೇಳುವಾಗ, ತಟ್ಟೆಗೆ ಇನ್ನೊಂದು ಸೌಟು ಬಡಿಸುತ್ತ, "ಕಲ್ಲು ನೀವು" ಎಂದಳು. ಇದೊಂದನ್ನು ಹೇಳಲಿಲ್ಲ.

"ಎಷ್ಟು ದಿನದಿಂದ ಇದು ನಿನ್ನ ಹತ್ತಿರ ಇದೆ?" ಎಂದು ಮಗಳನ್ನು ಕೇಳಿದೆ.

"ಅಮ್ಮ ಹೋದ ವರ್ಷದಿಂದ."

"ನಾಲ್ಕು ವರ್ಷ."

"ಅಮ್ಮನೇ ತೋರಿಸಲಿಲ್ಲ ಅಂದ್ಮೇಲೆ ನಾನು ಹೇಗೆ ತೋರಿಸಲಿ ಅಪ್ಪ? ಅದಕ್ಕೇ ಗಂಟಣ್ಣನ ಹತ್ರ ಆಣೆ ಹಾಕಿಸಿಕೊಂಡೆ. ನೀವು ಬೈಯೋದಾದ್ರೆ ನನ್ನ ಬೈರಿ. ಅವನು ಪಾಪ, ನಿಮ್ಮ ಎದುರು ನಿಂತು ಸುಳ್ಳು ಹೇಳೋಕೆ ಅವನಿಗೆ ಬರಲ್ಲ."

ಅವನಿಗೆ ಬರುತ್ತದೆ ಎಂದು ಅಂದುಕೊಂಡೆ. ಎಲ್ಲರಿಗೂ ಬರುತ್ತದೆ. ನನ್ನ ಹೆಂಡತಿ, ನನ್ನ ಮಗಳು, ನನ್ನ ಶಿಷ್ಯ: ಮೂವರೂ ಒಂದೇ ಹಾಳೆಯನ್ನು ನೋಡಿ, ಮೂವರೂ ನನ್ನ ಮುಂದೆ ಏನೂ ಇಲ್ಲದವರಂತೆ ಮುಖ ತೊಳೆದುಕೊಂಡು ಓಡಾಡಿದ್ದರು. ನಾನು ತಪ್ಪು ಮಾಡಿದ್ದು ಬೇರೆ ಲೆಕ್ಕ. ತಪ್ಪು ಮಾಡಿದವನಿಗೆ ತಪ್ಪನ್ನು ತೋರಿಸಿ ತಿದ್ದಿಸುವುದು ಮೂವತ್ತೊಂದು ವರ್ಷ ನನ್ನ ವೃತ್ತಿಯಾಗಿತ್ತು. ಆ ಉಪಕಾರವನ್ನು ನನಗೆ ಮಾಡಬಹುದೆಂದು ಒಬ್ಬರಿಗೂ ಅನ್ನಿಸಲಿಲ್ಲ. ಕಲ್ಲಿಗೆ ಹೇಳಿ ಏನು ಫಲ ಎಂದುಕೊಂಡಿರಬೇಕು.

"ಊಟ ಮಾಡಿದ್ರಾ?" ಎಂದು ಮಗಳು ಕೇಳಿದಳು.

ನಾನು ಉದ್ದನೆಯ ಕಾಗದವನ್ನು ಇದ್ದ ಮಡಿಕೆಗಳಲ್ಲೇ ಮಡಿಚಿ ರಟ್ಟಿನೊಳಗೆ ಇಟ್ಟೆ. ದೂರಿನ ಹಾಳೆಯನ್ನು ಮತ್ತೆ ಜೇಬಿಗೆ ಹಾಕಿಕೊಂಡೆ. ಪಕ್ಕದ ಬಾಗಿಲಿನಿಂದಲೇ ಹೊರಬಂದೆ.

ಕೂಟದ ಕೋಣೆಯಲ್ಲಿ ಗಂಟಣ್ಣ ಎದ್ದು ನಿಂತ. ಚಿಕ್ಕಮ್ಮ ಕೂತೇ ಇದ್ದಳು, ಆದರೆ ಟೈಪು ಮಾಡುವುದನ್ನು ನಿಲ್ಲಿಸಿದ್ದಳು. ನಾನು ರಿಜಿಸ್ಟರ್ ತೆರೆದೆ. ಪ್ರತಿ ಸಾಲಿನ ಕೊನೆಯಲ್ಲಿ 'ಲೋಪ' ಎಂಬ ಅಂಕಣವಿದೆ. ಇನ್ನೂರ ತೊಂಬತ್ತೇಳರ ಎದುರು ಬರೆದೆ: ಮೂಲ ಸೂಚನೆಯ ಎರಡು ಸಾಲುಗಳನ್ನು ಅಳಿಸಲಾಗಿದೆ. ಅದರ ಮುಂದೆ, ಅಳಿಸಿದವರು ಎಂಬಲ್ಲಿ, ನನ್ನ ಹೆಸರನ್ನು ಪೂರ್ತಿಯಾಗಿ ಬರೆದೆ. ಚದುರಂಗದವನ ಹೆಸರಿನ ನಂತರ ಆ ಅಂಕಣದಲ್ಲಿ ಅದೇ ಮುಂದಿನ ಹೆಸರು.

"ಆ ಐದು ಸಾಲು ತೆಗೆ," ಎಂದೆ ಗಂಟಣ್ಣನಿಗೆ. "ಅವಳ ಎರಡು ಸಾಲನ್ನು ಅವಳು ಬರೆದಂತೆಯೇ ಹಾಕು. ಅಕ್ಷರ ಬದಲಾಗಬಾರದು. ನಿನ್ನ ತೊಂಬತ್ತಾರಕ್ಕೆ ಬೇಕಾದ್ದನ್ನು ಅದರ ಕೆಳಗೆ ಬರೆದುಕೋ."

"ಆಯ್ತು ಮೇಷ್ಟ್ರೇ." ಅವನು ಕುರ್ಚಿ ಎಳೆದುಕೊಂಡು ಕೂತ. "ನಿಮ್ಮ ಹಳೇ ಕಡತಾನೂ ಡಿಸ್ಕಲ್ಲಿ ಪಕ್ಕದಲ್ಲಿ ಇಡ್ಲಾ? ನಿಮ್ಮ ನೂರ ಮೂವತ್ತೊಂದು ಸಾಲು, ನಿಮ್ಮ ಷರತ್ತಲ್ಲೇ. ಒಂದೇ ಕಪಾಟಲ್ಲಿ ಇರಬಹುದಲ್ಲ."

"ಆ ನೂರ ಮೂವತ್ತೊಂದು ಅವಳ ಎಂಬತ್ತಮೂರಿಲ್ಲದೆ ಓಡುವುದಿಲ್ಲ," ಎಂದೆ. "ಓಡದ್ದನ್ನು ಹಂಚಬಾರದು."

ಉಳಿದ ನೂರ ಹದಿನೈದನ್ನು ಶುಕ್ರವಾರ ಸಂಜೆಯೊಳಗೆ ಓದಿ ಮುಗಿಸಿದೆ. ಕೊನೆಯ ಪುಟದಲ್ಲಿ ಸಹಿ ಹಾಕಿದೆ. ಆವೃತ್ತಿ ಸೋಮವಾರ ಹೊರಟಿತು. ಹೊರಡುವಾಗ ಗಂಟಣ್ಣ ಮೊದಲ ಡಿಸ್ಕನ್ನು ಎಂದಿನಂತೆ ನನ್ನ ಮೇಜಿಗೆ ತಂದ. ಅದನ್ನು ಪೆಟ್ಟಿಗೆಯೊಳಗೆ ಇತರ ಡಿಸ್ಕುಗಳೊಂದಿಗೇ ಇಡಲು ಹೇಳಿದೆ.

ಮನೆಯಲ್ಲಿ ಮಾತು ಬೇಕಾದಷ್ಟೇ ನಡೆಯಿತು. ಉಪ್ಪು, ಕೊಡೆ, ಬಾಗಿಲ ಚಿಲಕ. ಅಳಿಯ ಒಂದು ದಿನ, "ಮಾವ, ಅಪ್ಪ ಮಗಳು ಮಾತಾಡೋಕೂ ಲೈಸೆನ್ಸ್ ಬೇಕಾ?" ಎಂದು ನಗಿಸಲು ನೋಡಿದ. ಮಗಳು ನಕ್ಕಳು. ನಾನು ಹಲ್ಲುಜ್ಜಲು ಎದ್ದೆ.

ಹತ್ತನೆಯ ದಿನ ಬೆಳಿಗ್ಗೆ ಮಗಳು ಕೆಲಸಕ್ಕೆ ಹೊರಡುವ ಮುನ್ನ ನನ್ನ ತಟ್ಟೆಯ ಪಕ್ಕ ಒಂದು ಚೀಟಿ ಇಟ್ಟಳು. ಸೀಸೆಗೆ ಅಂಟಿಸುವಂಥದ್ದು, ಹೊಸ ತಂತ್ರಾಂಶದಿಂದ ಬಂದದ್ದು. ಕೆಳಗಿನ ಅಂಚಿನಲ್ಲಿ ಚೀಟಿ ತಂತ್ರಾಂಶ ಬರೆದವರ ಹೆಸರು, ಸಣ್ಣಕ್ಷರದಲ್ಲಿ. ಅದರ ಮೇಲೆ ಅಳತೆ: ಐವತ್ತನಾಲ್ಕು. ಮೂಲೆಯಲ್ಲಿ, ಕೈಬರಹವಲ್ಲ, ಅಚ್ಚಿನಲ್ಲಿ, ಒಂದು ಚುಕ್ಕಿಗುರುತು.

"ಸರಿ ಇದೆಯಾ ನೋಡಿ ಅಪ್ಪ," ಎಂದಳು. ಚೀಟಿಗಾಗಿ ಕೈ ಚಾಚಿ ನಿಂತಿದ್ದಳು.

ಐವತ್ತನಾಲ್ಕರಲ್ಲಿ ಹನ್ನೊಂದು ನಾಲ್ಕು ಸಲ. ನಲವತ್ತನಾಲ್ಕು ಕಳೆದರೆ ಹತ್ತು. ಹತ್ತಕ್ಕೆ ಚುಕ್ಕಿ.

"ಸರಿ ಇದೆ," ಎಂದೆ.

ಚೀಟಿಯನ್ನು ಅವಳ ಕೈಗೆ ಕೊಡಲಿಲ್ಲ. ಮೇಜಿನ ಮೇಲೆ ಇಟ್ಟೆ.